ಒಂದು ಹಿಡಿ ಜೋಳ

ರಾಜ್ಯೋತ್ಸವದ ಭಾಷಣದಲ್ಲಿ ಕಿಟೆಲ್ ಸಾಹೇಬರ ಹೆಸರು ನಾನು ಬಿಟ್ಟದ್ದಿಲ್ಲ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದದ್ದು, 1843ರಲ್ಲಿ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ ಹೊರಡಿಸಿದ್ದು, 1894ರಲ್ಲಿ ನಿಘಂಟು ಅಚ್ಚಾದದ್ದು, ಎಲ್ಲವನ್ನೂ ಹೆಮ್ಮೆಯಿಂದ ಹೇಳುತ್ತೇನೆ. ಅದೇ ಬಾಯಿಂದ, ಅಣ್ಣಿಗೇರಿ ಕಡೆಯ ನಮ್ಮ ಶಾಲೆಯ ಊರಿನ ಕೇರಿಯಲ್ಲಿ ತಗಡಿನ ಶೆಡ್ಡಿನೊಳಗೆ ಸೇರುವ ಪೆಂತೆಕೋಸ್ತ ಸಭೆಯವರನ್ನು ‘ಅಕ್ಕಿಗೆ ಮತ ಬಿಟ್ಟವರು’ ಎಂದೂ ಅಂದಿದ್ದೇನೆ. ನಮ್ಮ ಓದಿದವರ ಬರವಣಿಗೆಯಲ್ಲೂ ಇದೇ ಎರಡು ಅಳತೆ. ಭಾಷೆಗೆ ದುಡಿದ ಪಾದ್ರಿ ದೊಡ್ಡವನು; ಪಾದ್ರಿಯ ಮಾತು ಒಪ್ಪಿದ ಕೂಲಿಯವನಿಗೆ ಮಾತ್ರ ತಲೆಯಿಲ್ಲ, ಹೊಟ್ಟೆಯಷ್ಟೇ ಇದೆ!

ಎಂಟನೆಯ ತರಗತಿಯ ಹುಡುಗಿಯೊಬ್ಬಳ ತಾಯಿಯನ್ನು ಈ ಅಕ್ಕಿಯ ವಿಷಯ ನೇರವಾಗಿ ಕೇಳಿದೆ.

“ಅಕ್ಕಿ ಎಲ್ಲೀದ್ರಿ ಅಕ್ಕಾರ? ರೊಟ್ಟಿ ಮಾಡೂ ಮುಂದ ನಾವ ಒಂದೊಂದು ಹಿಡಿ ಜ್ವಾಳ ತಗದಿಡತೀವಿ. ಬಾಣಂತಿ ಇದ್ದ ಮನಿಗೆ, ಕೂಲಿ ಸಿಗದ ಮನಿಗೆ ಅದ ಹೋಗತೈತಿ.”

ನನಗೆ ನಾಚಿಕೆಯಾಯಿತು. ಮಠದ ಪ್ರಸಾದನಿಲಯಗಳಿಗೆ ಜೋಳಿಗೆ ತುಂಬಿಸಿ ಕಳಿಸಿದ ಜಿಲ್ಲೆ ನಮ್ಮದು. ಅದನ್ನು ದಾಸೋಹ ಎನ್ನುತ್ತೇವೆ.

ಆ ಕೇರಿಗೆ ರಾತ್ರಿ ಬಸ್ಸಿಲ್ಲ. ಹೆರಿಗೆ ಬೇನೆ ಬಂದರೆ ಹುಬ್ಬಳ್ಳಿಗೆ ಒಯ್ಯಲು ಟೆಂಪೊ ಬಾಡಿಗೆಯೂ ಸಭೆಯ ಡಬ್ಬಿಯಿಂದಲೇ. 2007ರಲ್ಲಿ ಸಾರಾಯಿ ನಿಷೇಧವಾಯಿತು ನಿಜ. ಅಗ್ಗದ ವಿಸ್ಕಿಯ ಪಾಕೀಟು ಕಿರಾಣಿ ಅಂಗಡಿಗೇ ಬಂದು ಕೂತಿತು. ಈ ಹುಡುಗಿಯ ತಂದೆಗೆ ಕುಡಿತ ಬಿಡಿಸಿದವರು ಸಭೆಯ ನಾಲ್ಕು ಜನ. ಉಪದೇಶಕ್ಕಿಂತ ಹೆಚ್ಚಾಗಿ, ಅವನು ಅಂಗಡಿಗೆ ಹೊರಡುವ ಹೊತ್ತಿಗೆ ಸರಿಯಾಗಿ ದಿನಾ ಅವನ ಕಟ್ಟೆಯ ಮೇಲೆ ಹೋಗಿ ಕೂಡುತ್ತಿದ್ದರಂತೆ, ತಿಂಗಳುಗಟ್ಟಲೆ.

ಹಾಗೆಂದು ಎಲ್ಲವನ್ನೂ ಒಪ್ಪಲಾರೆ. ಕೂಲಿಯ ಹತ್ತರಲ್ಲೊಂದು ಪಾಲು ಸಭೆಗೆ ಕೊಡಬೇಕೆಂಬುದು ಬಡವರಿಗೆ ಭಾರವೇ. ಕಾಮಣಿಯಾದ ಹುಡುಗನನ್ನು ಮೂರು ದಿನ ಪ್ರಾರ್ಥನೆಯಲ್ಲೇ ಇಟ್ಟುಕೊಂಡಾಗ ಪಾಸ್ಟರರೊಂದಿಗೆ ಬೀದಿಯಲ್ಲಿ ನಿಂತು ಜಗಳವಾಡಿದ್ದೇನೆ. ಬೆಟಗೇರಿಯಲ್ಲಿ ‘ಜರ್ಮನ್ ಆಸ್ಪತ್ರೆ’ ಕಟ್ಟಿದವರೂ ಏಸುವಿನ ಭಕ್ತರೇ ಅಲ್ಲವೇ ಎಂದೆ. ಅವರು ಉತ್ತರ ಕೊಡಲಿಲ್ಲ. ಸಂಜೆ ಹುಡುಗನನ್ನು ಆಸ್ಪತ್ರೆಗೆ ಒಯ್ದರು.

ಅದೇ ತಾಯಿ ಮತ್ತೊಂದು ದಿನ ಬಂದು, ದನಿ ತಗ್ಗಿಸಿ, “ಶಾಲಿ ದಾಖಲ್ಯಾಗ ಕ್ರಿಶ್ಚನ್ ಅಂತ ಬರೀಬ್ಯಾಡ್ರಿ ಅಕ್ಕಾರ” ಅಂದಳು. ಪರಿಶಿಷ್ಟ ಜಾತಿಗಳ 1950ರ ಆದೇಶ ಮೊದಲು ಹಿಂದೂಗಳಿಗೆ, 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅನ್ವಯಿಸಿತು. ಕ್ರೈಸ್ತರಿಗೆ ಇಂದಿಗೂ ಇಲ್ಲ. ದೇವರು ಬದಲಾದರೆ ಅಸ್ಪೃಶ್ಯತೆ ಹೋಗುವುದೇ? ನಮ್ಮೂರ ಚಹಾದಂಗಡಿಯಲ್ಲಿ ಕೇಳಿ ನೋಡಬೇಕು. ಬಸ್ಸು, ಡಾಕ್ಟರು ಕಳಿಸಲು ಆ ಕೇರಿಯ ದಾರಿ ಸಿಗದ ಸರಕಾರಕ್ಕೆ, ಆಕೆ ಯಾರಿಗೆ ಕೈ ಮುಗಿಯುತ್ತಾಳೆಂಬುದು ಮಾತ್ರ ತಪ್ಪದೆ ಬೇಕು.

ಹುಡುಗಿಯ ದಾಖಲಾತಿ ಪುಟದಲ್ಲಿ ಐದನೆಯ ತರಗತಿಯಲ್ಲಿ ಬರೆದದ್ದೇ ಇತ್ತು. ನಾನು ಪೆನ್ನಿನ ಟೊಪ್ಪಿಗೆ ಹಾಕಿದೆ. ಆಕೆ ಸೆರಗಿನಲ್ಲಿ ಕಟ್ಟಿ ತಂದಿದ್ದ ಸೀತನಿಯನ್ನು ಮೇಜಿನ ಮೇಲಿಟ್ಟು ಹೋದಳು.