ಅಚ್ಚಿನ ಪಟದಲ್ಲಿ ಅಕ್ಕ

ಚಳ್ಳಕೆರೆ ಸೀಮೆಯ ಉಳ್ಳಾರ್ತಿ ಕಾವಲ್ ಅಮೃತಮಹಲ್ ರಾಸುಗಳ ಹುಲ್ಲುಗಾವಲೆಂದು ಹೆಸರಾದುದು. ಅದರ ಸುತ್ತಣ ಬಯಲುನಾಡಿನಲ್ಲಿ ದೇವಿಗೆ ಕಣ್ಣು ಮೂಗು ತಿದ್ದಿದ ಮುಖವಿರಲೇಬೇಕೆಂಬ ನಿರ್ಬಂಧವಿಲ್ಲ. ಅರಿಸಿನ ಕುಂಕುಮ ಬಳಿದ ಗುಂಡುಕಲ್ಲೂ ತಾಯಿಯೇ. ಮನೆಮನೆಯ ಗೋಡೆಯ ಮೇಲೆ ದೇವಿಗೆ ಒಂದೇ ಮುಖವನ್ನು ಕೊಟ್ಟದ್ದು ಅಚ್ಚಿನ ಯಂತ್ರ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಕಲ್ಲಚ್ಚಿನ ಮುದ್ರಣಾಲಯದಿಂದ ಹೊರಟ ಲಕ್ಷ್ಮೀ ಸರಸ್ವತಿಯರು ಬಡವರ ಮನೆಯನ್ನೂ ಹೊಕ್ಕರು. ಕಲಬುರ್ಗಿಯಲ್ಲಿ ಜನಿಸಿದ ಎಸ್. ಎಂ. ಪಂಡಿತರು (1916–1993) ಆ ಪರಂಪರೆಯನ್ನು ಕ್ಯಾಲೆಂಡರಿನ ಹಾಳೆಯಲ್ಲಿ ಮುಂದುವರಿಸಿದರು. ಇದು ಸಣ್ಣ ಉಪಕಾರವಲ್ಲ. ಗುಡಿಯ ಹೊಸ್ತಿಲನ್ನು ದಾಟಗೊಡದವರ ಮನೆಗೂ ದೇವಿ ಬಂದಳು.

ಇದೇ ರೂಢಿ ಅಕ್ಕಮಹಾದೇವಿಯ ಪಟಕ್ಕೆ ಇಳಿದಾಗ ತೊಡಕು ಹುಟ್ಟಿತು. ಸಾಮಾನ್ಯವಾಗಿ ದೊರೆಯುವ ಪಟಗಳಲ್ಲಿ ತಲೆಯ ಹಿಂದೆ ಪ್ರಭಾವಳಿ, ಸುತ್ತ ವನಸಿರಿ, ಮೈತುಂಬ ಇಳಿಬಿದ್ದ ನುಣುಪಾದ ಕೇಶರಾಶಿ. ಕೇಶ ಇಲ್ಲಿ ಒಂದು ಒಡವೆ. ಶೂನ್ಯಸಂಪಾದನೆಯನ್ನು ಓದಿದವರಿಗೆ ಅದು ಒಡವೆಯಲ್ಲವೆಂದು ತಿಳಿದಿದೆ. ಉಡುಗೆಯನ್ನು ತೊರೆದವಳು ಕೂದಲನ್ನೇಕೆ ಮರೆಮಾಡಿಕೊಂಡೆ ಎಂದು ಅಲ್ಲಮಪ್ರಭು ಕೆಣಕುತ್ತಾನೆ. ನೋಡುವವರ ಮನಸ್ಸು ನೋಯದಿರಲೆಂದು ಎಂಬರ್ಥದ ಉತ್ತರವನ್ನು ಅಕ್ಕ ಕೊಡುತ್ತಾಳೆ. ದೌರ್ಬಲ್ಯ ನೋಡುವ ಕಣ್ಣಿನದು, ಅವಳ ದೇಹದ್ದಲ್ಲ. ಅನುಭವಮಂಟಪದ ಈ ಕಠಿನ ಪರೀಕ್ಷೆಯ ಸಾಕ್ಷಿಯಾದ ಕೇಶವನ್ನು ಪಟಗಾರ ಚೆಲುವಿಗಾಗಿ ಬಾಚಿಟ್ಟರೆ, ಅಕ್ಕ ಯಾರ ಕಣ್ಣಿಗೆ ಉತ್ತರ ಕೊಟ್ಟಳೋ ಆ ಕಣ್ಣಿಗೇ ಅವಳನ್ನು ಮತ್ತೆ ಒಪ್ಪಿಸಿದಂತಾಯಿತು. ಅವಳನ್ನು ದೇವಿಯಾಗಿಸುವ ಭಕ್ತಿಯಲ್ಲಿಯೂ ಇದೇ ಅಪಾಯವುಂಟು. ದೇವಿಗೆ ಪರೀಕ್ಷೆಯಿಲ್ಲ, ಶರಣೆಗೆ ಇದೆ.

ಅಚ್ಚಿನ ಕಲೆಯದೇ ಈ ದೋಷವೆನ್ನಲಾಗದು. ಜಪಾನಿನ ಶಿಕೋ ಮುನಕಾತ (1903–1975) ಮರದ ಹಲಗೆಯನ್ನು ಕೊರೆದು ಬೋಧಿಸತ್ವರನ್ನೂ ದೇವಕನ್ನಿಕೆಯರನ್ನೂ ಮುದ್ರಿಸಿದನು. ನಮ್ಮ ಸರಸ್ವತಿಯೇ ಬೌದ್ಧಧರ್ಮದೊಡನೆ ಸಾಗಿ ಬೆಂಜಾಯ್‌ತೆನ್ ಎಂಬ ಹೆಸರಿನಿಂದ ಪೂಜೆಗೊಳ್ಳುವ ನಾಡು ಅದು. ಮುನಕಾತನ ಸ್ತ್ರೀರೂಪಗಳು ತುಂಬುಗೆನ್ನೆಯವು, ಒರಟಾದುವು. ಉಳಿಯ ಗುರುತನ್ನು ಅವನು ಮರೆಸುವುದಿಲ್ಲ. ಎಷ್ಟೋ ಸಲ ಬಣ್ಣವನ್ನೂ ಕಾಗದದ ಹಿಂಬದಿಯಿಂದಲೇ ಹಾಕಿ, ಅದು ಒಳಗಿನಿಂದ ಒಸರುವಂತೆ ಮಾಡುತ್ತಾನೆ. 1956ರ ವೆನಿಸ್ ದ್ವೈವಾರ್ಷಿಕ ಪ್ರದರ್ಶನದಲ್ಲಿ ಮುದ್ರಣಕಲೆಯ ಮಹಾಪ್ರಶಸ್ತಿ ಅವನಿಗೆ ಸಂದಿತು. ಅಲ್ಲಿ ನಗ್ನತೆಯಿದೆ, ಆದರೆ ಅದು ನೋಡುಗನನ್ನು ಕರೆಯುವುದಿಲ್ಲ. ಒಳಗು ಹಣ್ಣಾದ ಮೇಲೆ ಹೊರಗಿನ ನುಣುಪು ಬೇಡವೆಂಬುದು, ಕಲ್ಯಾಣದ ಹೆಸರನ್ನು ಕೇಳಿರದ ಆ ಹಲಗೆಗಾರನಿಗೆ ಕೈಯಿಂದಲೇ ತಿಳಿದಂತಿದೆ.

ನಮ್ಮ ಪಟಗಳಲ್ಲಿಯೂ ಒಂದು ಅಂಶ ಸರಿಯಾಗಿ ಉಳಿದಿದೆ. ಲಕ್ಷ್ಮಿಯ ಪಟ ಭಕ್ತನನ್ನು ನೇರವಾಗಿ ನೋಡುತ್ತದೆ. ಅವಳ ನೋಟ ಬೀಳುವುದೇ ಭಕ್ತನಿಗೆ ಭಾಗ್ಯ. ಅಕ್ಕನ ಕೆಲವು ಪಟಗಳಲ್ಲಾದರೋ ದೃಷ್ಟಿ ಕರಸ್ಥಲದ ಲಿಂಗದಲ್ಲಿ ನಟ್ಟಿರುತ್ತದೆ. ಪೂಜೆಗೆಂದು ಎದುರು ನಿಂತವನನ್ನು ಅವಳು ಗಮನಿಸುವುದೇ ಇಲ್ಲ.