ಎಲ್ಲವೂ ಜಮಾ, ಖರ್ಚು ಯಾರ ಹೆಸರಿಗೆ?

ಬೀಡಿ ಕಟ್ಟುವ ಮನೆಗಳ ನಡುವೆ ಬೆಳೆದವರು ನಾವು. ಮೊರದಲ್ಲಿ ಎಲೆ, ತಂಬಾಕು ಇಟ್ಟುಕೊಂಡು ಕೂತ ಹೆಂಗಸರು ನಡುನಡುವೆ ಎದ್ದು ಅನ್ನಕ್ಕಿಡುತ್ತಿದ್ದರು, ಮಗುವಿಗೆ ಹಾಲೂಡಿಸುತ್ತಿದ್ದರು, ಹಾಸಿಗೆ ಹಿಡಿದ ಅತ್ತೆಯ ಮಗ್ಗುಲು ಬದಲಾಯಿಸಿ ಮತ್ತೆ ಬಂದು ಮೊರದ ಮುಂದೆ ಕೂರುತ್ತಿದ್ದರು. ಅವರು ಕಟ್ಟಿದ ಬೀಡಿ ದೇಶದ ಉತ್ಪನ್ನದ ಲೆಕ್ಕಕ್ಕೆ ಸೇರುತ್ತದೆ. ಅದನ್ನು ಸೇದಿ ಕೆಮ್ಮಿದವನ ಆಸ್ಪತ್ರೆಯ ಬಿಲ್ಲೂ ಸೇರುತ್ತದೆ. ಅದೇ ಕೈಗಳು ಮಾಡಿದ ಅಡುಗೆಯ ಶ್ರಮ, ಆರೈಕೆ ಮಾತ್ರ ಸೇರುವುದಿಲ್ಲ.

ಜಿಡಿಪಿ ಎಂಬ ಈ ಲೆಕ್ಕಕ್ಕೆ ಜಮಾ ಪುಟವಷ್ಟೇ ಗೊತ್ತು. ಹಣ ಕೈಯಿಂದ ಕೈಗೆ ಹೋಯಿತೆ ಎಂದು ಅದು ಕೇಳುತ್ತದೆ. ಯಾತಕ್ಕಾಗಿ ಹೋಯಿತು ಎಂದು ಕೇಳುವುದಿಲ್ಲ. ಇದರ ಮಿತಿ ಇದನ್ನು ರೂಪಿಸಿದವರಿಗೇ ತಿಳಿದಿತ್ತು. ಸೈಮನ್ ಕುಜ್ನೆಟ್ಸ್ 1934ರಲ್ಲಿ ಅಮೆರಿಕದ ಸಂಸತ್ತಿಗೆ ರಾಷ್ಟ್ರೀಯ ಆದಾಯದ ವರದಿ ಒಪ್ಪಿಸುವಾಗಲೇ, ಇದರಿಂದ ಜನರ ಕ್ಷೇಮವನ್ನು ಅಳೆಯಲಾಗದು ಎಂದು ಎಚ್ಚರಿಸಿದ್ದರು. ಎಚ್ಚರಿಕೆ ಕಡತದಲ್ಲಿ ಉಳಿಯಿತು. ಅಂಕಿ ಮಾತ್ರ ಸರಕಾರಗಳ ಬಾಯಿಪಾಠವಾಯಿತು.

ಈ ಪುಸ್ತಕಕ್ಕೆ ಖರ್ಚಿನ ಪುಟವನ್ನೂ ಹೊಲಿದು ಸೇರಿಸಲು ಹೊರಟವರು ಅರ್ಥಶಾಸ್ತ್ರಜ್ಞ ಹರ್ಮನ್ ಡೇಲಿ ಮತ್ತು ಧರ್ಮಶಾಸ್ತ್ರಜ್ಞ ಜಾನ್ ಕಾಬ್. 1989ರಲ್ಲಿ ಪ್ರಕಟವಾದ 'ಫಾರ್ ದ ಕಾಮನ್ ಗುಡ್' ಕೃತಿಯಲ್ಲಿ ಅವರು 'ಸುಸ್ಥಿರ ಆರ್ಥಿಕ ಕ್ಷೇಮ ಸೂಚ್ಯಂಕ'ವನ್ನು ಮುಂದಿಟ್ಟರು. ಜನರು ಬಳಸಿದ ವಸ್ತು, ಸೇವೆಗಳ ಮೊತ್ತದಿಂದ ಅದು ಆರಂಭವಾಗುತ್ತದೆ. ಉಳ್ಳವರ ಮತ್ತು ಇಲ್ಲದವರ ನಡುವಿನ ಅಂತರ ಹೆಚ್ಚಿದಷ್ಟೂ ಆ ಮೊತ್ತ ತಗ್ಗುತ್ತದೆ. ಮನೆಗೆಲಸದ ಬೆಲೆ ಕೂಡುತ್ತದೆ. ಕೆಲಸಕ್ಕೆ ಹೋಗಿಬರುವ ಖರ್ಚು, ರಸ್ತೆ ಅಪಘಾತ, ಕೆಟ್ಟ ನೀರು, ಕೆಟ್ಟ ಗಾಳಿ, ಹಾಳಾದ ಕೃಷಿಭೂಮಿ, ಬರಿದಾದ ಖನಿಜ ಎಲ್ಲವೂ ಕಳೆಯುತ್ತವೆ. ಹೀಗೆ ಕೂಡಿ ಕಳೆದು ನೋಡಿದಾಗ, ಅಮೆರಿಕದ ತಲಾ ಉತ್ಪನ್ನ ಏರುತ್ತಲೇ ಇದ್ದರೂ ತಲಾ ಕ್ಷೇಮ ಎಪ್ಪತ್ತರ ದಶಕದಲ್ಲಿ ಏರುವುದನ್ನು ನಿಲ್ಲಿಸಿ, ಎಂಬತ್ತರ ದಶಕದಲ್ಲಿ ಇಳಿಯತೊಡಗಿತ್ತು.

ಈ ಕಳೆಯುವ ಧೈರ್ಯವೇ ಸೂಚ್ಯಂಕದ ದೊಡ್ಡ ಗುಣ. ಅದರ ಬೆಲೆ ತಿಳಿಯಲು ಬಳ್ಳಾರಿಯನ್ನು ನೋಡಿದರೆ ಸಾಕು. ಅಗೆದು ಮಾರಿದ ಅದಿರೆಲ್ಲ ಉತ್ಪನ್ನವೆಂದೇ ಲೆಕ್ಕ. ಯಂತ್ರ ಸವೆದದ್ದನ್ನು ನಿವ್ವಳ ಉತ್ಪನ್ನದಲ್ಲಿ ಕಳೆಯುತ್ತಾರೆ. ಬೆಟ್ಟ ಸವೆದದ್ದನ್ನು ಕಳೆಯುತ್ತಿರಲಿಲ್ಲ. ಲೋಕಾಯುಕ್ತರ 2011ರ ವರದಿ ಅಕ್ರಮ ಗಣಿಗಾರಿಕೆಯಿಂದ 2006ರಿಂದ 2010ರ ನಡುವೆ ಆದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಅದೂ ಬೊಕ್ಕಸದ ನಷ್ಟವೇ. ಹೊಲದ ಮೇಲೆ ಕೂತ ಕೆಂಧೂಳು, ಆ ಧೂಳು ಹೊಕ್ಕ ಎದೆಗೂಡು ಯಾವ ಪುಟಕ್ಕೂ ಬರಲಿಲ್ಲ. ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ 2025ರಲ್ಲಿ ಒಪ್ಪಿದ ಹೊಸ ಪದ್ಧತಿ, ಬರಿದಾದ ನಿಸರ್ಗ ಸಂಪತ್ತನ್ನು ಉತ್ಪಾದನೆಯ ವೆಚ್ಚವೆಂದು ಬಗೆದು ನಿವ್ವಳ ಉತ್ಪನ್ನದಿಂದ ಕಳೆಯಲು ಹೇಳುತ್ತದೆ. ಆದರೆ ದಿನಪತ್ರಿಕೆಯ ಮುಖಪುಟಕ್ಕೆ ಬರುವ ಜಿಡಿಪಿ ಇದರಿಂದ ಇಳಿಯುವುದಿಲ್ಲ.

ಇಷ್ಟು ಮೆಚ್ಚಿದ ಮೇಲೂ ನಮ್ಮ ತಕರಾರುಗಳಿವೆ. ಮೊದಲನೆಯದು ಮನೆಗೆಲಸದ ಬೆಲೆಯದು. ಡೇಲಿ-ಕಾಬ್ ಅದನ್ನು ಮನೆಗೆಲಸದವರ ಕೂಲಿಯ ದರದಲ್ಲಿ ಅಳೆದರು. ನಮ್ಮ ದೇಶದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ದುಡಿಯುತ್ತಾರೆ. ಗಂಡಸರು 88 ನಿಮಿಷ. ಈ ನಿಮಿಷಗಳಿಗೆ ನಾವು ಕಟ್ಟುವ ದರ ಯಾವುದು? ಪಾತ್ರೆ ತಿಕ್ಕುವವಳಿಗೆ ನಾವು ಕೊಡುವ ಪುಡಿಗಾಸೆ? ಹಾಗಾದರೆ ಆಕೆಯ ಕೆಲಸದ ಬಗ್ಗೆ ನಮಗಿರುವ ತಾತ್ಸಾರವೇ ಅಂಕಿಯ ವೇಷ ತೊಟ್ಟು ಒಳಗೆ ಬರುತ್ತದೆ. ಲೆಕ್ಕಕ್ಕೆ ಸಿಗದ ಹೆಣ್ಣು ಲೆಕ್ಕಕ್ಕೆ ಸಿಕ್ಕಳು, ಆದರೆ ಅಗ್ಗವಾಗಿ ಸಿಕ್ಕಳು.

ಎರಡನೆಯದು ಇನ್ನೂ ಗಂಭೀರವಾದುದು. ಕೊನೆಗೆ ಎಲ್ಲವನ್ನೂ ಕೂಡಿ ಒಂದೇ ಅಂಕಿ ಮಾಡಿದಾಗ, ಒಂದು ಕಡೆಯ ನಷ್ಟ ಇನ್ನೊಂದು ಕಡೆಯ ಲಾಭದಲ್ಲಿ ಮುಚ್ಚಿಹೋಗುತ್ತದೆ. ಬತ್ತಿದ ಕೆರೆಯನ್ನು ಹೊಸ ಹೆದ್ದಾರಿ ಸರಿದೂಗಿಸಿತು ಎಂದು ಲೆಕ್ಕ ಹೇಳಬಹುದು. ಕೆರೆಯ ನೀರು ಕುಡಿಯುತ್ತಿದ್ದವರಿಗೆ ಹೆದ್ದಾರಿಯನ್ನು ಕುಡಿಯಲಾಗದು. ನಷ್ಟ ಉಂಡವನೂ ಲಾಭ ಉಂಡವನೂ ಒಬ್ಬನೇ ಅಲ್ಲ ಎಂಬ ಸತ್ಯ ಮೊತ್ತದಲ್ಲಿ ಕರಗಿಹೋಗುತ್ತದೆ.

ಇದಕ್ಕೆ ಎದುರು ವಾದವೂ ಇದೆ, ಅದು ಹಗುರವಾದುದಲ್ಲ. 1990ರಲ್ಲಿ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ತಂದ ಮೆಹಬೂಬ್ ಉಲ್ ಹಕ್, ಒಂದೇ ಅಂಕಿಯನ್ನು ಒಪ್ಪದ ಗೆಳೆಯ ಅಮರ್ತ್ಯ ಸೇನ್‌ರಿಗೆ ಹೇಳಿದ್ದು ಇದನ್ನೇ: ಉತ್ಪನ್ನದ ಅಂಕಿಯನ್ನು ಕೆಳಗಿಳಿಸಬೇಕಾದರೆ ಅಷ್ಟೇ ಒರಟಾದ, ಆದರೆ ಅಷ್ಟು ಕುರುಡಲ್ಲದ ಇನ್ನೊಂದು ಅಂಕಿ ಬೇಕು. ಹತ್ತು ಕೋಷ್ಟಕಗಳನ್ನು ಓದಲು ಯಾವ ಮಂತ್ರಿಗೆ ಪುರುಸೊತ್ತಿದೆ? ಹಕ್‌ರ ಮಾತು ಪ್ರಚಾರದ ಮಟ್ಟಿಗೆ ನಿಜ. ನ್ಯಾಯದ ಮಟ್ಟಿಗೆ ನಾವು ಅದನ್ನು ಒಪ್ಪಲಾರೆವು. ಹೀಗಾಗಿ ಡೇಲಿ-ಕಾಬ್‌ರ ಕಾಲಂಗಳನ್ನು ಇಟ್ಟುಕೊಳ್ಳೋಣ, ಕೊನೆಯ ಮೊತ್ತವನ್ನು ಅನುಮಾನದಿಂದಲೇ ನೋಡೋಣ ಎಂಬುದು ನಮ್ಮ ನಿಲುವು.

ಉರ್ದುವಿನ ದಾರಿಯಲ್ಲಿ ಬಂದು ಕನ್ನಡದ್ದೇ ಆಗಿಹೋದ ಒಂದು ಪದವಿದೆ: ಬರಕತ್ತು. ಎಷ್ಟು ದುಡ್ಡು ಬಂತು ಎಂದಲ್ಲ, ಬಂದದ್ದು ನಿಂತಿತೆ, ಮನೆಮಂದಿಗೆಲ್ಲ ಒದಗಿತೆ ಎಂದು ಕೇಳುವ ಪದ ಅದು. ಅಮೆರಿಕದ ಮೇರಿಲ್ಯಾಂಡ್ ರಾಜ್ಯ 2010ರಲ್ಲಿ ಡೇಲಿ-ಕಾಬ್‌ರ ಹಾದಿಯ ಲೆಕ್ಕವನ್ನು ತಾನೇ ಬರೆಯತೊಡಗಿತು. ನಮ್ಮ ರಾಜ್ಯದಲ್ಲೂ ಪ್ರತಿವರ್ಷ ಬಜೆಟ್ಟಿನ ಹೊತ್ತಿಗೆ ಆರ್ಥಿಕ ಸಮೀಕ್ಷೆ ಬರುತ್ತದೆ. ಅದರಲ್ಲಿ ಬೆಳವಣಿಗೆಯ ದರದ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಆ ವರ್ಷ ಕಳೆದುಕೊಂಡದ್ದೇನು, ಕಳೆದುಕೊಂಡವರು ಯಾರು ಎಂದೂ ಅಚ್ಚಾಗಲಿ. ಬೀಡಿಯ ಮೊರ ಬದಿಗಿಟ್ಟು ಅನ್ನಕ್ಕಿಡಲು ಎದ್ದ ಹೆಂಗಸಿಗೂ ಆ ಪುಟದಲ್ಲಿ ಒಂದು ಸಾಲು ಇರಲಿ.