ಪ್ರೇಕ್ಷಕರು ಸರಿದ ಮೇಲೆ: ನಿವ್ವಳ ಅಯಾನಿಕ ಸಮೀಕರಣದ ರಸಿಕರಿಗೊಂದು ಕೈಪಿಡಿ

ಉಪ್ಪುನೀರಿರುವ ಪ್ರನಾಳಕ್ಕೆ ಸಿಲ್ವರ್ ನೈಟ್ರೇಟಿನ ನಾಲ್ಕು ಹನಿಗಳನ್ನು ಬಿಟ್ಟೊಡನೆ ತಿಳಿಯಾದ ದ್ರವದಲ್ಲಿ ಒಡೆದ ಹಾಲಿನಂತಹ ಪ್ರಕ್ಷೇಪವು ಮೂಡುವುದನ್ನು ಕಂಡು ಬೆರಗಾದ ವಿದ್ಯಾರ್ಥಿಯೇ, ಮರುಗಳಿಗೆಯಲ್ಲಿ ಕರಿಹಲಗೆಯ ಮೇಲಣ ಅದರ ಸಮೀಕರಣವನ್ನು ಕಂಡು ಆಕಳಿಸುವನಾದರೆ, ಅದನ್ನು ಸವಿಯುವ ಕ್ರಮವನ್ನು ಅವನಿಗೆ ಯಾರೂ ತಿಳಿಸಿಕೊಟ್ಟಿರಲಾರರು.

ಮೊದಲು ಪೂರ್ಣ ಸಮೀಕರಣವನ್ನು ಓದತಕ್ಕದ್ದು: ಸಿಲ್ವರ್ ನೈಟ್ರೇಟೂ ಸೋಡಿಯಂ ಕ್ಲೋರೈಡೂ ಕೂಡಿ ಸಿಲ್ವರ್ ಕ್ಲೋರೈಡೂ ಸೋಡಿಯಂ ನೈಟ್ರೇಟೂ ಆದುವು. ಲೆಕ್ಕವೇನೋ ಸರಿ, ಆದರೆ ನೀರಿನೊಳಗಣ ಸ್ಥಿತಿ ಬೇರೆ. ಸ್ವೀಡನ್ನಿನ ಸ್ವಾಂತೆ ಅರ್ಹೇನಿಯಸನ 1884ರ ಪ್ರಬಂಧದಲ್ಲಿ ಮೊಳೆತು 1887ರಲ್ಲಿ ಪೂರ್ಣರೂಪವನ್ನು ತಾಳಿದ ಸಿದ್ಧಾಂತದಂತೆ, ಇಂತಹ ಲವಣಗಳು ನೀರಿಗಿಳಿದಾಗಲೇ ಅಯಾನುಗಳಾಗಿ ಬಿಡಿಬಿಡಿಯಾಗಿರುತ್ತವೆ. ಆದುದರಿಂದ ಎಡಗಡೆಯಲ್ಲಿ ನಾಲ್ಕು ಅಯಾನುಗಳನ್ನೂ ಬೇರೆಬೇರೆಯಾಗಿ ಬರೆದು, ಬಲಗಡೆಯಲ್ಲಿ ಕರಗದ ಸಿಲ್ವರ್ ಕ್ಲೋರೈಡನ್ನು ಮಾತ್ರ ಇಡಿಯಾಗಿ ಉಳಿಸಿದರೆ, ಸೋಡಿಯಂ ಮತ್ತು ನೈಟ್ರೇಟುಗಳು ಎರಡು ಕಡೆಯೂ ಬದಲಿಲ್ಲದೆ ನಿಂತಿರುವುದು ಕಾಣುವುದು. ಇವೇ ಪ್ರೇಕ್ಷಕ ಅಯಾನುಗಳು. ಇವನ್ನು ಸರಿಸಿದ ಮೇಲೆ ಸಿಲ್ವರ್ ಅಯಾನೂ ಕ್ಲೋರೈಡ್ ಅಯಾನೂ ಕೂಡಿ ಘನವಾದ ಕಥೆಯೊಂದೇ ಉಳಿಯುವುದು. ಇದೇ ನಿವ್ವಳ ಅಯಾನಿಕ ಸಮೀಕರಣ.

ರಂಗದ ಮೇಲಣ ಭಾವವು 'ಇವನದು', 'ಅವನದು' ಎಂಬ ವಿಶೇಷಗಳನ್ನು ಕಳಚಿಕೊಂಡಾಗಲೇ ಸಹೃದಯನಿಗೆ ಆಸ್ವಾದ್ಯವಾಗುವುದೆಂದು ಕಂಡ ನಮ್ಮ ಆಲಂಕಾರಿಕರು ಆ ವ್ಯಾಪಾರವನ್ನು ಸಾಧಾರಣೀಕರಣವೆಂದರು. ಇಲ್ಲಿ ನಡೆದುದೂ ಅದೇ. ಅಡುಗೆಯ ಉಪ್ಪಿಗೆ ಬದಲು ಪೊಟ್ಯಾಸಿಯಂ ಕ್ಲೋರೈಡನ್ನೋ ಹೈಡ್ರೋಕ್ಲೋರಿಕ್ ಆಮ್ಲವನ್ನೋ ತಂದರೂ ಉಳಿಯುವ ವಾಕ್ಯ ಒಂದೇ. ಇದು ಬರಿಯ ಬರೆಹದ ಚಮತ್ಕಾರವಲ್ಲವೆಂಬುದಕ್ಕೆ ಉಷ್ಣಮಾಪಕವೇ ಸಾಕ್ಷಿ: ಹೈಡ್ರೋಕ್ಲೋರಿಕ್ ಆಮ್ಲವನ್ನು ಸೋಡಿಯಂ ಹೈಡ್ರಾಕ್ಸೈಡಿನಿಂದಾಗಲಿ, ನೈಟ್ರಿಕ್ ಆಮ್ಲವನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡಿನಿಂದಾಗಲಿ ಸಾರರಿಕ್ತ ದ್ರಾವಣದಲ್ಲಿ ತಟಸ್ಥಗೊಳಿಸಿದರೆ, ಹುಟ್ಟುವ ನೀರಿನ ಮೋಲೊಂದಕ್ಕೆ ಸುಮಾರು 57 ಕಿಲೋಜೂಲ್ ಶಾಖವೇ ಹೊರಬೀಳುವುದು, ಏಕೆಂದರೆ ಎರಡೆಡೆಯಲ್ಲಿಯೂ ನಿಜವಾಗಿ ನಡೆದುದು ಹೈಡ್ರೋಜನ್ ಮತ್ತು ಹೈಡ್ರಾಕ್ಸೈಡ್ ಅಯಾನುಗಳ ಸಮಾಗಮವೊಂದೇ.

ಕಳೆಯುವ ಉತ್ಸಾಹಕ್ಕೆ ವಿವೇಕದ ಕಡಿವಾಣವೂ ಬೇಕು. ವಿನಿಗರಿನ ಅಸಿಟಿಕ್ ಆಮ್ಲವು ನೀರಿನಲ್ಲಿ ಬಹುಮಟ್ಟಿಗೆ ಒಡೆಯದೆ ಇರುವುದರಿಂದ ಅದನ್ನು ಇಡಿಯಾಗಿಯೇ ಬರೆಯಬೇಕು. ತಾಮ್ರದ ತಂತಿಯನ್ನು ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿದಾಗ, ಒಂದು ತಾಮ್ರಕ್ಕೆ ಒಂದೇ ಸಿಲ್ವರ್ ಅಯಾನನ್ನು ಬರೆದರೆ ಪರಮಾಣುಗಳ ಲೆಕ್ಕ ಸರಿಹೋದರೂ ವಿದ್ಯುದಂಶದ ಲೆಕ್ಕ ತಪ್ಪುವುದು. ಎರಡನ್ನು ಬರೆದಾಗಲೇ ಎರಡೂ ಒಪ್ಪುವುವು. ಬೇರಿಯಂ ಹೈಡ್ರಾಕ್ಸೈಡಿಗೆ ಸಲ್ಫ್ಯೂರಿಕ್ ಆಮ್ಲವನ್ನು ಹನಿಹನಿಯಾಗಿ ಸೇರಿಸುವ ಪ್ರಯೋಗದಲ್ಲಂತೂ ಪ್ರೇಕ್ಷಕರೇ ಇಲ್ಲ: ಬೇರಿಯಂ ಸಲ್ಫೇಟೂ ನೀರೂ ಆಗಿ ಅಯಾನುಗಳೆಲ್ಲ ತೀರಿಹೋಗುತ್ತ, ದ್ರಾವಣದ ಮೂಲಕ ಉರಿಯುತ್ತಿದ್ದ ಬಲ್ಬು ಮಂಕಾಗಿ ಆರುವುದು.

ಕಡೆಯದಾಗಿ, ಆ ಮೊದಲ ಪ್ರಯೋಗವನ್ನೇ ಈ ಸಲ ಸಿಲ್ವರ್ ನೈಟ್ರೇಟನ್ನೂ ಉಪ್ಪನ್ನೂ ಸಮಪ್ರಮಾಣದಲ್ಲಿ ಬೆರೆಸಿ ಮಾಡಿ, ಬಿಳಿಯ ಪ್ರಕ್ಷೇಪವನ್ನು ಸೋಸಿ, ಉಳಿದ ತಿಳಿನೀರನ್ನು ಬಟ್ಟಲಿನಲ್ಲಿಟ್ಟು ಆವಿಯಾಗಿಸಿರಿ. ನಾವು ಕಾಗದದ ಮೇಲೆ ಹೊಡೆದುಹಾಕಿದ್ದ ಸೋಡಿಯಮ್ಮೂ ನೈಟ್ರೇಟೂ ಬಟ್ಟಲಿನ ತಳದಲ್ಲಿ ಹರಳುಗಟ್ಟಿ ಕುಳಿತಿರುವುವು.